ಬ್ಲೇಡಿನ ತುದಿಯ ಕೆಂಪು

"ಸಹಿ ಹಾಕಂಗಿಲ್ಲ ಅಂದ್ರ ಹಾಕಂಗಿಲ್ರಿ ಬೀ! ತೊಳದದ್ದನ್ನ ತೊಳದಿಲ್ಲ ಅಂತ ಬರಕೊಡ್ಲೇನು?"

ಮುಕ್ಕುಂದದ ಅಮರಮ್ಮ ಮಸ್ಕಿಯ ಶಂಶಾದ್‌ಬೀ ಮನೆಯ ಕಟ್ಟೆಯ ಮೇಲೆ ನಿಂತು ಗುಡುಗಿದಳು. ಆಕೆ ಸಿಂಧನೂರಿನ ಖಾಸಗಿ ಆಸ್ಪತ್ರೆಯೊಂದರ ಆಪರೇಷನ್ ಕೋಣೆಯಲ್ಲಿ ಸಾಮಾನು ತೊಳೆಯುವವಳು. ಅಲ್ಲಿ ಆಪರೇಷನ್ ಆದ ಮೂವರಿಗೆ ಒಂದೇ ವಾರದಲ್ಲಿ ಎದೆಗೆ ಸೋಂಕು ಹತ್ತಿತ್ತು. ಮೂವರ ಕಫದಲ್ಲೂ ಒಂದೇ ಕ್ರಿಮಿ. ಲಿಂಗಸುಗೂರಿನ ಮುದುಕನೊಬ್ಬ ಇನ್ನೂ ಐಸಿಯುನಲ್ಲಿದ್ದ. ರೋಗಿಯ ಗಂಟಲಿಗೆ ಉಸಿರಿನ ನಳಿಕೆ ಇಳಿಸುವಾಗ ನಾಲಿಗೆ ಎತ್ತಿ ಹಿಡಿಯಲು ಬಾಯೊಳಗೆ ಹಾಕುವ, ದೀಪವಿರುವ ಲೋಹದ ಪಟ್ಟಿಯ, ಅಂದರೆ ಬ್ಲೇಡಿನ ತುದಿಯಲ್ಲಿ ಕೆಂಪು ಕಲೆ ಸಿಕ್ಕಿತ್ತು. ಅದು ಹಳೇ ರಕ್ತ, ತೊಳೆಯದೇ ಇದ್ದದ್ದು ತನ್ನ ತಪ್ಪು ಎಂದು ಸಹಿ ಹಾಕಿ ಅಮರಮ್ಮ ಕೆಲಸ ಬಿಡಬೇಕಂತೆ.

ನಾನು ಚನ್ನು. ಏಳನೇ ತರಗತಿಗೆ ಶಾಲೆ ಬಿಟ್ಟು ಆಟೋ ಹಿಡಿದವನು, ಬೀ ಎಲ್ಲಿಗೆ ಹೊರಟರೂ ಕರೆದೊಯ್ಯುವವನು. ಮೇಲಿನವರ ತಪ್ಪು ಕೆಳಗಿನವರ ತಲೆಗೇ ಯಾಕೆ ಬೀಳಬೇಕು? ನನಗೆ ಮೈ ಉರಿಯಿತು. ನಲವತ್ತು ವರ್ಷ ನರ್ಸ್ ಆಗಿದ್ದ ಬೀ ಮಾತ್ರ ತಣ್ಣಗೆ ಕೇಳಿದರು.

"ಬ್ಲೇಡ್ ಹ್ಯಾಂಗ ತೊಳೀತಿ?"

"ಸಾಬೂನು ನೀರಾಗ ಉಜ್ಜಿ, ಒಣಗಿಸಿ, ಪಾಕೀಟಿನಾಗ ಹಾಕಿ ಬಿಸಿ ಮಷೀನಿಗೆ ಇಡ್ತೀನ್ರಿ."

"ಅದನ್ನ ಸಿಗಿಸೋ ಹ್ಯಾಂಡಲ್?"

"ಅದು ಟೆಕ್ನಿಷಿಯನ್ ಆನಂದಕುಮಾರನ ಡ್ರಾದಾಗ ಇರ್ತೈತ್ರಿ. ದಸರಾಕ್ಕ ಪೂಜೆ ಮಾಡೀವಿ, ನಿಮ್ಮಂಥೋರು ಮುಟ್ಟಬಾರ್ದು ಅಂದಾನ."

ನಾನು ಹಲ್ಲು ಕಡಿದೆ. ಬೀ ಚಪ್ಪಲಿ ಮೆಟ್ಟಿದರು. "ಗಾಡಿ ತೆಗೀ ಚನ್ನು."

ಆಸ್ಪತ್ರೆ ನಡೆಸುವ ಡಾಕ್ಟರ್ ಸಿದ್ದರಾಮೇಶ ಹಿಂದೆ ಬೀ ಕೈಯಲ್ಲೇ ಕೆಲಸ ಕಲಿತವರು, ತಡೆಯಲಿಲ್ಲ. ಬೀ ಅಮರಮ್ಮ ತೊಳೆದು ಪಾಕೀಟಿಗೆ ಹಾಕಿಟ್ಟ ಬ್ಲೇಡನ್ನೂ ಹ್ಯಾಂಡಲನ್ನೂ ಬೇರೆ ಬೇರೆ ಹತ್ತಿಯಲ್ಲಿ ಒರೆಸಿ ಲ್ಯಾಬಿಗೆ ಕಳಿಸಿದರು. ಮೂರನೇ ದಿನ ವರದಿ ಬಂದಾಗ ಎಲ್ಲರನ್ನೂ ಆಪರೇಷನ್ ಕೋಣೆಗೆ ಕರೆದರು.

ಬೀ ಅಂಥದೇ ಇನ್ನೊಂದು ಪಾಕೀಟು ಹರಿದು ಬ್ಲೇಡನ್ನು ಒದ್ದೆ ಹತ್ತಿಯಿಂದ ಒರೆಸಿದರು. ಹತ್ತಿ ಬೆಳ್ಳಗೇ ಇತ್ತು. ಬ್ಲೇಡನ್ನು ಹ್ಯಾಂಡಲಿಗೆ ಸಿಗಿಸಿ, ದೀಪ ಆರಿಸಲು ಎಂದಿನಂತೆ ಮಡಚಿದರು. ಅದರ ತುದಿ ಹ್ಯಾಂಡಲಿಗೆ ತಾಗಿತು. ಬಿಡಿಸಿ ಮತ್ತೆ ಒರೆಸಿದರು. ಹತ್ತಿ ಕೆಂಪು!

"ರಕ್ತ ಅಲ್ರಿ, ದಸರಾದ ಕುಂಕುಮ," ಎಂದರು ಬೀ. "ಹ್ಯಾಂಡಲಿನ ಗೀರಿನಾಗ ಇನ್ನೂ ಕುಂತೈತಿ. ಅಂದ್ರ ಅವತ್ತಿಂದ ಇದಕ್ಕ ನೀರೇ ಮುಟ್ಟಿಲ್ಲ. ಮೊದಲ ರೋಗಿಯ ಎಂಜಲು ಗ್ಲೌಸಿನಿಂದ ಹ್ಯಾಂಡಲಿಗೆ, ಹ್ಯಾಂಡಲಿಂದ ತೊಳದ ಬ್ಲೇಡಿಗೆ, ಅಲ್ಲಿಂದ ಮುಂದಿನವರ ಗಂಟಲಿಗೆ. ವರದಿ ನೋಡ್ರಿ. ಬ್ಲೇಡಿನಾಗ ಏನೂ ಇಲ್ಲ. ಹ್ಯಾಂಡಲಿನಾಗ ಅದೇ ಕ್ರಿಮಿ."

ಆನಂದಕುಮಾರ ತೊದಲಿದ. "ಹ್ಯಾಂಡಲಿನ ಒಳಗಿನ ಬ್ಯಾಟರಿಗೆ ನೀರು ಹೋಗ್ತೈತಿ ಅಂತ..."

"ಬ್ಯಾಟರಿ ತೆಗದು ತೊಳದ್ರ ಹೋಗಂಗಿಲ್ಲೋ ಬೇಟಾ. ಬ್ಯಾಟರಿಗೆ ಅಂಜಿದ್ಯೋ, ಆಕಿ ಕೈಗೆ ಅಂಜಿದ್ಯೋ?"

ಡಾಕ್ಟರು ಸಹಿ ಇಲ್ಲದ ಕಾಗದವನ್ನು ಹರಿದರು. "ಆದದ್ದಾತು ಅಮರಮ್ಮ. ನಾಳಿಂದ ಹ್ಯಾಂಡಲ್ ನೀನೇ ತೊಳಿ."

"ತೊಳೀತೀನ್ರಿ," ಎಂದಳು ಅಮರಮ್ಮ, ಜಾಗ ಬಿಟ್ಟು ಕದಲದೆ. "ಅದಕ್ಕಿಂತ ಮೊದಲು ಇನ್ನೊಂದು ಕಾಗದ ಬರೀರಿ. ನನಗ ಹ್ಯಾಂಡಲ್ ಮುಟ್ಟಗೊಡದಿದ್ದಕ್ಕ ಮೂರು ಮಂದಿ ಹಾಸಿಗಿ ಹಿಡದ್ರು ಅಂತ. ಆ ಮೂರೂ ಮನಿಯವರಿಗೆ ಓದಿ ಹೇಳ್ರಿ."

ಆಕೆ ಮೇಜಿನ ಮೇಲಿದ್ದ ಪೆನ್ನನ್ನು ಡಾಕ್ಟರ ಕಡೆ ತಳ್ಳಿದಳು.

"ಈ ಸಲ ಸಹಿ ನಿಮ್ದು."