ನನಗೆ ಬೇರೆ ತಂತಿ ಬೇಕು

ಕಾಫಿ ಲೋಟ ತೆಗೆದುಕೊಳ್ಳುವಾಗ ಅವನು ಅವಳ ಮುಖ ನೋಡಲೇ ಇಲ್ಲ. ಬೆರಳು ನೋಡಿದ.

"ಕೈಗೆ ಏನಾಗಿದೆ?"

ಹೆಣ್ಣು ನೋಡಲು ಬಂದವನು ಆಡುವ ಮೊದಲ ಮಾತೇ ಇದು! ಬಿಂದುಶ್ರೀಗೆ ಮೈಯೆಲ್ಲ ಉರಿದುಹೋಯಿತು. ನಿಜ, ಬೆರಳ ತುದಿಗೆಲ್ಲ ಅಂಟು ಒಣಗಿ ಬೆಳ್ಳಗೆ ಸಿಪ್ಪೆ ಎದ್ದಿತ್ತು. ಬೆಳಿಗ್ಗೆಯಿಂದ ಸೀಗೆಪುಡಿ ಹಾಕಿ ಉಜ್ಜಿದರೂ ಹೋಗಿರಲಿಲ್ಲ.

"ಅಂಟು," ಎಂದಳು. "ಸ್ಕೂಲಿಗೆ ರಾಕೆಟ್ ಕಟ್ತಿದೀನಿ."

ಅವಳು ಊರಿನ ಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅಪ್ಪ ಬೆಟ್ಟಸ್ವಾಮಿ ಸುಮ್ಮನೆ ಕೆಮ್ಮಿದರು. ನಂಜನಗೂಡಿನಲ್ಲಿ ರಸಬಾಳೆ ಮಂಡಿ ಇಟ್ಟು ಹೆಸರು ಮಾಡಿದ ಮನುಷ್ಯ; ಮಗಳು ಬೀಗರ ಮುಂದೆ ರಾಕೆಟ್ಟಿನ ಮಾತೆತ್ತುತ್ತಾಳೆ ಎಂದು ಅಂದುಕೊಂಡಿರಲಿಲ್ಲ.

ಹುಡುಗನ ತಾಯಿ ವಿಶಾಲಮ್ಮ ಮಾತ್ರ ನಕ್ಕುಬಿಟ್ಟರು. "ಮದುವೆ ಆದ್ಮೇಲೆ ಸ್ಕೂಲು ಗೀಲು ಇರಲ್ವಲ್ಲ, ಬೆರಳು ತಾನಾಗೇ ಸರಿಹೋಗ್ತದೆ."

ಹುಡುಗ ಏನೋ ಹೇಳಲು ಬಾಯಿ ತೆರೆದ. ತಾಯಿಯನ್ನು ನೋಡಿದ. ಮುಚ್ಚಿಕೊಂಡ.

ಆ ಮುಚ್ಚಿಕೊಂಡ ಬಾಯನ್ನು ಬಿಂದು ಮರೆಯಲಿಲ್ಲ. 'ಇವನಿಗೂ ಅದೇ ಬೇಕಾಗಿದೆ... ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ, ಅಷ್ಟೇ,' ಅಂದುಕೊಂಡಳು.

ಹುಡುಗನ ಹೆಸರು ನಂಜುಂಡೇಶ್. ಟಿ. ನರಸೀಪುರದಲ್ಲಿ ಶಾಮಿಯಾನ, ಲೈಟಿಂಗ್ ಅಂಗಡಿ. ಮದುವೆಮನೆಗಳ ಮುಂದೆ ಝಗಝಗ ಮಿನುಗುವ ಸೀರಿಯಲ್ ಸೆಟ್ ಆ ಕಡೆ ಎಲ್ಲಿ ಕಂಡರೂ ಅದು ಅವನದೇ. ಮನೆತನ ಚೆನ್ನಾಗಿದೆ, ಗದ್ದೆಯಿದೆ, ದುರಭ್ಯಾಸವಿಲ್ಲ. ಇನ್ನೇನು ಬೇಕು? ಆ ವಾರದೊಳಗೇ ಹಿರಿಯರು ಕೂತು ತಾಂಬೂಲ ಬದಲಾಯಿಸಿಕೊಂಡರು.

ಬಿಂದುವನ್ನು ಯಾರಾದರೂ ಕೇಳಿದರಾ ಅಂತೀರಾ? ಸೀರೆ ಯಾವ ಬಣ್ಣ ಇರಲಿ ಎಂದು ಕೇಳಿದರು. ಅಷ್ಟು ಕೇಳಿದರು.

ತಾಂಬೂಲವಾದ ಮೇಲೆ ಎರಡೂ ಮನೆಯಲ್ಲೊಂದು ಪದ್ಧತಿ. ಧಾರೆಯ ದಿನದವರೆಗೂ ಹುಡುಗ ಹುಡುಗಿ ಮುಖ ನೋಡಬಾರದು, ಮಾತಾಡಬಾರದು. ಸ್ಕೂಲಿಗೆ ಬಿಡುವವರೂ ಅಪ್ಪನೇ, ಕರೆತರುವವರೂ ಅಪ್ಪನೇ. ಮದುವೆಗೆ ಮುಂಚೆ ಕೆಲಸ ಬಿಡಬೇಕು ಎಂಬುದೂ ತೀರ್ಮಾನವಾಗಿತ್ತು. ಮನೆಯ ಬಾಗಿಲು ತೆರೆದೇ ಇರುತ್ತಿತ್ತು. ಆದರೂ ಅವಳು ಒಬ್ಬಳೇ ಹೊಸ್ತಿಲು ದಾಟುವಂತಿರಲಿಲ್ಲ.

ಉಳಿದಿದ್ದು ಆ ರಾಕೆಟ್ ಒಂದೇ. ವಿಜ್ಞಾನ ದಿನಕ್ಕೆಂದು ಸ್ಕೂಲಿನವರು ತರಿಸಿದ ಕಿಟ್. ರಟ್ಟಿನ ಉದ್ದನೆಯ ಕೊಳವೆ, ಪ್ಲೈವುಡ್ ರೆಕ್ಕೆ, ಹೊಟ್ಟೆಯೊಳಗೆ ಮಡಚಿಟ್ಟ ಪ್ಯಾರಾಚೂಟ್. ಬುಡದಲ್ಲಿ ಒಂದಲ್ಲ, ಮದ್ದು ತುಂಬಿದ ಮೂರು ಮೋಟಾರು. ಮೂರೂ ಒಂದೇ ಕ್ಷಣಕ್ಕೆ ಹೊತ್ತಿಕೊಳ್ಳಬೇಕು. ಒಂದು ಹೊತ್ತಿ ಎರಡು ಮಲಗಿದವೋ, ಕೆಲಸ ಕೆಟ್ಟಿತು.

'ಇದೊಂದನ್ನ ಹಾರಿಸಿಬಿಡ್ತೀನಿ. ಆಮೇಲೆ ಏನಾದರೂ ಆಗಲಿ,' ಎಂದುಕೊಂಡು ಅವಳು ರೆಕ್ಕೆಗೆ ಅಂಟು ಹಚ್ಚುತ್ತಿದ್ದಳು.

ಸ್ಕೂಲಿನ ಸುತ್ತ ಬರೀ ಮನೆಗಳು. ಹಾರಿಸಲು ಬಯಲು ಬೇಕಿತ್ತು. ಹೆಡ್‌ಮಾಸ್ಟರು ಬೆಟ್ಟಸ್ವಾಮಿಯವರನ್ನೇ ಕೇಳಿದರು, ಅವರು ಬೀಗರನ್ನು ಕೇಳಿದರು. ನರಸೀಪುರದಲ್ಲಿ ಕಟಾವಾದ ಅವರದೇ ಗದ್ದೆ ಇತ್ತು. ಬ್ಯಾಟರಿ, ತಂತಿ, ಸ್ವಿಚ್ಚು ಎಲ್ಲ ನಮ್ಮ ಹುಡುಗನೇ ನೋಡಿಕೊಳ್ತಾನೆ ಎಂದು ವಿಶಾಲಮ್ಮ ಭರವಸೆಯನ್ನೂ ಕೊಟ್ಟರು.

ಹಾರಿಸುವ ದಿನ ಬಿಂದು ಅಪ್ಪನ ಜೊತೆ, ಅಜ್ಜಿ ಚನ್ನಾಜಮ್ಮನ ಕಾವಲಿನಲ್ಲಿ ಗದ್ದೆಗೆ ಬಂದಳು. ತಾಯಿ ಹೋದ ಮೇಲೆ ಅವಳನ್ನು ಎದೆಗವಚಿಕೊಂಡು ಸಾಕಿದವರು ಈ ಅಜ್ಜಿ. ತಂತಿಯನ್ನೊಮ್ಮೆ ನೋಡಿಬಿಡುತ್ತೇನೆ ಎಂದು ಬಿಂದು ಎದ್ದರೆ ವಿಶಾಲಮ್ಮ ಕೈ ಹಿಡಿದು ಕೂರಿಸಿದರು. ಮದುಮಗಳು ಗದ್ದೆಗಿಳಿಯುವುದು ಬೇಡ, ಅಲ್ಲಿ ಹುಡುಗ ಇದ್ದಾನೆ, ಮುಖ ನೋಡಬಾರದು ಎಂದರು.

ತಾನು ಕಟ್ಟಿದ ರಾಕೆಟ್ಟು ಅಲ್ಲಿ ನಿಂತಿದೆ. ತಾನು ಇಲ್ಲಿ ಶಾಮಿಯಾನದ ಕೆಳಗೆ, ರೇಷ್ಮೆ ಸೀರೆಯಲ್ಲಿ ಬೆವರುತ್ತಾ ಕೂತಿದ್ದಾಳೆ. ಅವಳಿಗೆ ಅಳು ಬಂತು.

ಸ್ವಿಚ್ಚು ಒತ್ತಿದರು. ಒಂದೇ ಒಂದು ಮೋಟಾರು ಭುಸ್ಸೆಂದಿತು. ರಾಕೆಟ್ಟು ಆಳೆತ್ತರ ಏರಿ, ವಾಲಿ, ಬದುವಿಗೆ ಮೂತಿ ಬಡಿದುಕೊಂಡು ಬಿತ್ತು. ಮಕ್ಕಳು ಹೋ ಎಂದು ನಕ್ಕರು. ಶುಭಕಾರ್ಯಕ್ಕೆ ಮುಂಚೆ ಇದೇನು ಅಪಶಕುನ ಎಂದು ವಿಶಾಲಮ್ಮ ಮುಖ ಸಿಂಡರಿಸಿದರು. ನಂಜನಗೂಡು ಸೇರಿದ ಮೇಲೆ ಬೆಟ್ಟಸ್ವಾಮಿ ಒಂದೇ ಮಾತು ಹೇಳಿದರು. ನಾಳೆಯಿಂದ ಸ್ಕೂಲು ಸಾಕು.

ಮುರಿದ ರಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಿಂದು ಸುಟ್ಟ ತಂತಿ ನೋಡಿದಳು. ಮೋಟಾರಿಗೆ ಕಿಡಿ ಹೊತ್ತಿಸುವ ಮೂರು ತಂತಿಗಳನ್ನೂ ಒಂದರ ಬಾಲಕ್ಕೆ ಒಂದು ಕಟ್ಟಿದ್ದ! ಮೊದಲನೆಯದು ಸುಟ್ಟು ಕಡಿದ ಕೂಡಲೇ ಉಳಿದೆರಡಕ್ಕೆ ಕರೆಂಟೇ ಹೋಗಿಲ್ಲ.

'ಲೈಟಿಂಗ್ ಕೆಲಸದವನಿಗೆ ಇಷ್ಟೂ ಗೊತ್ತಿರಲ್ವಾ? ಬೇಕಂತಲೇ ಮಾಡಿದ್ದಾನೆ. ನಾನು ಕೆಲಸ ಬಿಡಲಿ ಅಂತಲೇ...'

ಅವತ್ತಿನಿಂದ ಅವಳು ನಂಜುಂಡೇಶನ ಹೆಸರು ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಒಳಗೆ ಅಂದರೆ ಎಲ್ಲಿಗೆ? ಅಡುಗೆಮನೆ, ದೇವರಮನೆ, ಹಿತ್ತಿಲು. ಹಿತ್ತಿಲ ಗೋಡೆಯಾಚೆ ಕಪಿಲಾ ನದಿ ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಅದನ್ನು ಕಂಡರೂ ಅವಳಿಗೆ ಹೊಟ್ಟೆಯುರಿ.

ಹೀಗಿರುವಾಗ ಒಂದು ಮಧ್ಯಾಹ್ನ ಅಪ್ಪ ಮಂಡಿಯಲ್ಲಿದ್ದಾಗ ಹಿತ್ತಿಲ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ನಂಜುಂಡೇಶ್! ಕೈಯಲ್ಲಿ ತಂತಿಯ ಸುರುಳಿ.

"ತಪ್ಪು ನಂದು ಮೇಡಂ," ಎಂದ, ನೆಲ ನೋಡುತ್ತಾ. "ಮೂರೂ ಒಟ್ಟಿಗೆ ಹೊತ್ಕೋಬೇಕು ಅಂದ್ರು. ನಾನು ದಿನಾ ಕಟ್ಟೋದು ಸೀರಿಯಲ್ ಸೆಟ್, ಒಂದು ಬಲ್ಬಿನ ಬಾಲಕ್ಕೆ ಇನ್ನೊಂದು. ಕೈ ಅದೇ ದಾರೀಲಿ ಹೋಗ್ಬಿಡ್ತು. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ಕೇಳೋ ಹಾಗಿರಲಿಲ್ಲ."

"ಬೇಕಂತ ಮಾಡ್ಲಿಲ್ವಾ?"

ಅವನು ತಲೆಯೆತ್ತಿ ನೋಡಿದ. ಆ ಕಣ್ಣುಗಳಲ್ಲಿದ್ದ ಗಾಬರಿಯೇ ಉತ್ತರ ಹೇಳಿತು. ತಿಂಗಳಿಂದ ಬೈದುಕೊಂಡಿದ್ದೆಲ್ಲ ನೆನಪಾಗಿ ಬಿಂದುವಿನ ಕಿವಿ ಬಿಸಿಯಾಯಿತು.

ಜಗುಲಿಯಿಂದ ಅಜ್ಜಿಯ ದನಿ ಬಂತು. "ನಾ ಈ ಕಡೆ ತಿರುಕೊಂಡಿವ್ನಿ ಕಣವ್ವ. ನನ್ ಕಣ್ಣಿಗೆ ಬೀಳ್ದಿದ್ರೆ ಶಾಸ್ತ್ರ ಕೆಡಾಕಿಲ್ಲ."

ಹಾಗೆ ಶುರುವಾಯಿತು ನೋಡಿ. ಇನ್ನೊಮ್ಮೆ ಹಾರಿಸಿ ನೋಡೋಣ ಎಂದು ಹೆಡ್‌ಮಾಸ್ಟರೂ ಹೇಳಿಕಳಿಸಿದ್ದರು. ಬಿಡುವಾದಾಗಲೆಲ್ಲ ಅವನು ಹಿತ್ತಿಲಿಗೆ ಬರುತ್ತಿದ್ದ, ಅಜ್ಜಿ ರಸ್ತೆ ಕಡೆ ತಿರುಗಿ ಎಲೆಅಡಿಕೆ ಮೆಲ್ಲುತ್ತಿದ್ದರು. ನೆಗ್ಗಿದ ಕೊಳವೆ ಕತ್ತರಿಸಿ ಹೊಸದು ಸೇರಿಸಿದರು. ರೆಕ್ಕೆಗೆ ಉಪ್ಪುಕಾಗದ ಉಜ್ಜಿ ನಯ ಮಾಡಿದರು. ಅಂಟು ಹಿಡಿಯುವವರೆಗೂ ರೆಕ್ಕೆಯನ್ನು ಒತ್ತಿ ಹಿಡಿಯಬೇಕು, ಅಲುಗಿಸುವಂತಿಲ್ಲ. ಆ ಹೊತ್ತಿನಲ್ಲೇ ಮಾತು ಬೆಳೆದದ್ದು.

ತಂದೆ ಹೋದ ಮೇಲೆ ತನ್ನ ಮನೆಯಲ್ಲಿ ಅಮ್ಮನ ಮಾತೇ ಮಾತು, ಎದುರಾಡಿ ಅಭ್ಯಾಸವಿಲ್ಲ ಎಂದು ಅವನು ಹೇಳಿದ. ಅವತ್ತು ಬೆರಳು ಯಾಕೆ ನೋಡಿದಿರಿ ಎಂದು ಅವಳು ಕೇಳಿದಳು. ಅವನು ತನ್ನ ಬೆರಳು ಚಾಚಿದ. ಬೆಸುಗೆ ಹಾಕುವಾಗ ಸುಟ್ಟ ಕಲೆಗಳು.

"ಉರೀತಿದ್ಯಾ ಅಂತ ಕೇಳೋಣ ಅಂತಿದ್ದೆ. ಮಾತು ತಪ್ಪಾಗಿ ಬಂತು."

ಬಿಂದು ಥಟ್ಟನೆ ಬೇರೆ ಕಡೆ ತಿರುಗಿದಳು. ಅಯ್ಯೋ ದೇವರೇ, ಇವನ ಮೇಲೆ ಸಿಟ್ಟು ಮಾಡಿಕೊಂಡೇ ಇರುವುದು ಎಷ್ಟು ಸುಲಭವಾಗಿತ್ತು! ಈಗ ಅವನ ಬೈಕಿನ ಸದ್ದಿಗೆ ಕಿವಿ ಕಾಯುತ್ತದೆ. ಅವನು ಹೋದ ಮೇಲೆ ಹಿತ್ತಿಲು ಖಾಲಿ ಅನ್ನಿಸುತ್ತದೆ. ಅವಳಿಗೆ ಅವನು ಬೇಕಾಗಿದ್ದ.

ಆದರೆ ಸಂಕಟ ಇಲ್ಲೇ ಇತ್ತು. ಬೇಕು ಎಂದರೂ ಅದೇ ಮದುವೆ, ಬೇಡ ಎಂದರೂ ಅದೇ ಮದುವೆ. ಅವಳ ಮನಸ್ಸು ಅವನ ಕಡೆ ತಿರುಗಿದ್ದಕ್ಕೆ ಈ ಮನೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ!

ರಿಪೇರಿ ಮುಗಿದ ಕೊನೆಯ ಸಂಜೆ ಅವನು ಮೂರು ಜೊತೆ ತಂತಿಯನ್ನು ಬಿಡಿಬಿಡಿಯಾಗಿ ಹರಡಿ ತೋರಿಸಿದ. ಬ್ಯಾಟರಿ ಒಂದೇ, ಆದರೆ ಪ್ರತಿ ಮೋಟಾರಿಗೂ ಅದರದೇ ತಂತಿ.

ಬಿಂದು ಅದರಲ್ಲೊಂದು ತಂತಿಯನ್ನು ಎತ್ತಿ ಹಿಡಿದಳು.

"ತಾಂಬೂಲ ವಾಪಸ್ ಕೊಟ್ಬಿಡಿ," ಎಂದಳು.

ಅವನ ಕೈಯಿಂದ ಇಕ್ಕಳ ಜಾರಿತು. "ನನ್ನಿಂದ ಏನಾದ್ರೂ..."

"ನನ್ನನ್ನೂ ಸೀರಿಯಲ್ ಸೆಟ್ಟಿಗೆ ಕಟ್ಟಿದ್ದಾರೆ. ಅಪ್ಪಾಜಿ ಒಪ್ಪಿದ್ರು, ನಿಮ್ಮಮ್ಮ ಒಪ್ಪಿದ್ರು, ನೀವು ತಲೆ ಆಡಿಸಿದ್ರಿ. ಅವರನ್ನೆಲ್ಲ ದಾಟಿ ನನ್ನ ಹತ್ರ ಏನೂ ಬರಲೇ ಇಲ್ಲ. ನನಗೆ ಬೇರೆ ತಂತಿ ಬೇಕು."

"ಇಲ್ಲ ಅನ್ನೋಕಾ?"

"ಹೌದು ಅನ್ನೋಕೂ ಬೇಕಾಗುತ್ತೆ."

ಊರವರು ನಿಮ್ಮ ಮೇಲೇ ತಪ್ಪು ಹೊರಿಸುತ್ತಾರೆ ಎಂದ. ಗೊತ್ತು ಎಂದಳು. ಅವನು ಬೈಕು ಹತ್ತಿದ. ಆ ಸದ್ದು ದೂರವಾದಾಗ ಬಿಂದು ಗೋಡೆಗೊರಗಿ ಬಿಕ್ಕಿದಳು. ಇರುವುದನ್ನೂ ಕೈಯಾರೆ ಕಳೆದುಕೊಂಡೆನಾ?

ತಾಂಬೂಲ ವಾಪಸ್ ಬಂತು. ತಾಯಿ ಬರಲೊಪ್ಪದೆ ನಂಜುಂಡೇಶನೇ ತಟ್ಟೆ ಹಿಡಿದು ಬಂದಿದ್ದ. ಹುಡುಗಿಯಲ್ಲಿ ಎಳ್ಳಷ್ಟೂ ಕುಂದಿಲ್ಲ, ಕೇಳಬೇಕಾದವರನ್ನು ಕೇಳದೆ ಬಂದದ್ದು ತನ್ನ ತಪ್ಪು ಎಂದು ಹಿರಿಯರೆದುರು ಕೈಮುಗಿದು ಹೋದ. ಬೆಟ್ಟಸ್ವಾಮಿ ಕೂಗಾಡಿದರು. ಊರಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ತಗಡೂರಿನ ಕಡೆ ಒಂದು ಸಂಬಂಧವಿದೆ, ಇದೇ ಮುಹೂರ್ತಕ್ಕೆ ಮುಗಿಸಿಬಿಡುತ್ತೇನೆ ಎಂದರು. ಬಿಂದುವಿಗೆ ನಾಲ್ಕು ಗೋಡೆಯೂ ಹತ್ತಿರ ಬಂದಂತಾಯಿತು.

ಆಗ ಅಜ್ಜಿ ಎದ್ದು ನಿಂತರು.

"ನನ್ ಮದ್ವೇಲಿ ನಾನು ತೆಂಗಿನಕಾಯಿ ಇದ್ದಂಗೆ ಇದ್ದೆ ಕಣೋ ಬೆಟ್ಟಾ. ಯಾರೂ ಏನೂ ಕೇಳ್ನಿಲ್ಲ. ನಿನ್ ಎಂಡ್ತೀನೂ ನಾವು ಕೇಳ್ನಿಲ್ಲ. ಇವಳನ್ನಾದ್ರೂ ಕೇಳು." ಉಸಿರು ತೆಗೆದುಕೊಂಡು ಮುಂದುವರಿಸಿದರು. "ನಾಳೀಕೆ ಇಸ್ಕೂಲ್ನೋರು ರಾಕೆಟ್ ಆರುಸ್ತಾರಂತೆ. ಈಗ ಇವ್ಳು ಯಾರ ಮನೆ ಮದುಮಗಳೂ ಅಲ್ಲ. ಬಯಲಿಗೋಗಾಕೆ ಯಾವ ಶಾಸ್ತ್ರ ಅಡ್ಡ?"

ಬೆಟ್ಟಸ್ವಾಮಿ ಬಾಯಿ ತೆರೆದರು. ಸತ್ತ ಹೆಂಡತಿಯ ಪಟದ ಕಡೆ ಕಣ್ಣು ಹೋಯಿತು. ಆಗಲಿ, ನಾನೂ ಬರ್ತೀನಿ ಎಂದರು.

ಮರುದಿನ ತಾಂಡವಪುರದ ಬಯಲಲ್ಲಿ ಬಿಂದು ಚೂಡಿದಾರದ ದುಪ್ಪಟ ಸೊಂಟಕ್ಕೆ ಬಿಗಿದು ಮಣ್ಣಿನಲ್ಲಿ ಮಂಡಿಯೂರಿದಳು. ಕಿಟ್‌ನಲ್ಲಿ ಉಳಿದಿದ್ದ ಹೊಸ ಮೂರು ಮೋಟಾರು ಕೂರಿಸಿ, ಒಂದೊಂದಕ್ಕೂ ಅದರದೇ ತಂತಿ ಸಿಕ್ಕಿಸಿದಳು. ಇದೇ ಕೊನೆಯ ಅವಕಾಶ ಎಂದು ಹೆಡ್‌ಮಾಸ್ಟರು ಮೊದಲೇ ಹೇಳಿದ್ದರು. ತಲೆಯೆತ್ತಿದರೆ ದೂರದ ಹುಣಸೆಮರದಡಿ ಒಂದು ಬೈಕು, ಪಕ್ಕದಲ್ಲಿ ನಂಜುಂಡೇಶ್! ಅವನಿಗೆ ಹೇಳಿಕಳಿಸಿದವರು ಯಾರು ಎಂದು ತಿರುಗಿದರೆ ಅಜ್ಜಿ ಆಕಾಶದಲ್ಲಿ ಹದ್ದು ಹುಡುಕುತ್ತಿದ್ದರು.

ಬಿಂದು ಸ್ವಿಚ್ಚು ಒತ್ತಿದಳು.

ಮೂರೂ ಒಟ್ಟಿಗೆ! ರಾಕೆಟ್ಟು ನೆಟ್ಟಗೆ ಮೇಲೆದ್ದು ಬಿಸಿಲಿನಲ್ಲಿ ಕಾಣದಾಯಿತು. ಬೆಟ್ಟಸ್ವಾಮಿ ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಕೆಂಪು ಪ್ಯಾರಾಚೂಟ್ ಬಿಚ್ಚಿಕೊಂಡಿತು. ನಂಜುಂಡೇಶ್ ಚಪ್ಪಲಿ ಬಿಟ್ಟು ಓಡಿದ.

ರಾಕೆಟ್ಟನ್ನು ಮಗುವಿನಂತೆ ಎತ್ತಿಕೊಂಡು ಬಂದು, ಎಲ್ಲರೆದುರು, ಬೆಟ್ಟಸ್ವಾಮಿಯವರನ್ನೂ ದಾಟಿ ಅವಳ ಮುಂದೆ ನಿಂತ.

"ಬಿಂದುಶ್ರೀ, ನನಗೆ ನೀವು ಅಂದ್ರೆ ಪ್ರಾಣ. ನನ್ನ ಮದುವೆ ಆಗೋಕೆ ನಿಮಗೆ ಇಷ್ಟ ಇದ್ಯಾ? ಇಲ್ಲ ಅಂದ್ರೂ ಸರಿ. ನಿಮ್ಮ ಬಾಯಿಂದ ಕೇಳಬೇಕು."

"ಕೆಲಸ ಬಿಡಲ್ಲ."

"ಬಿಡಬೇಡಿ."

"ನಿಮ್ಮಮ್ಮ?"

"ಹೇಳಿಯೇ ಬಂದಿದ್ದೀನಿ. ಈ ಸಲ ಬಾಯಿ ಮುಚ್ಕೊಳ್ಳಲಿಲ್ಲ."

ಬಿಂದು ಅಪ್ಪನ ಕಡೆ ತಿರುಗಿದಳು. ಅವರು ಅವಳನ್ನೇ ನೋಡುತ್ತಾ, "ಏನವ್ವ, ನೀನೇನಂತೀಯ?" ಎಂದರು. ಹುಟ್ಟಿದಂದಿನಿಂದ ಅಪ್ಪನ ಬಾಯಲ್ಲಿ ಅವಳು ಕೇಳದ ಮಾತು ಅದು. ಅವಳ ಕಣ್ಣು ತುಂಬಿತು.

ಅಜ್ಜಿಯ ಸೊಂಟದ ಚೀಲಕ್ಕೆ ಕೈಹಾಕಿ ಎರಡು ವೀಳ್ಯದೆಲೆ, ಒಂದು ಅಡಿಕೆ ತೆಗೆದಳು. ಅವನ ಅಂಗೈಯಲ್ಲಿ ಇಟ್ಟಳು. ಕೈ ತೆಗೆಯಲಿಲ್ಲ.

ಅವನು ಬೆರಳುಗಳನ್ನು ನೋಡಿದ. ಮತ್ತೆ ಅದೇ ಬಿಳಿ ಸಿಪ್ಪೆ.

"ಕೈಗೆ ಏನಾಗಿದೆ?" ಎಂದ ಮೆಲ್ಲಗೆ.

"ಅಂಟು."

"ಬಿಡಲ್ವಾ?"

"ಇಲ್ಲ," ಎಂದಳು ಬಿಂದು. "ಬಿಡಲ್ಲ."