ಮುಕ್ಕಾಲು ಮೀಟರಿನ ತಕರಾರು

"ಅಂಕಣಾನೇ ಡೊಂಕದ ಮೇಡಂ! ಆ ಕಡಿ ಗೆರಿ ಒಂದು ಥರ, ಈ ಕಡಿ ಗೆರಿ ಇನ್ನೊಂದು ಥರ!"

ಚಿತ್ತಾಪುರ ಕಾಲೇಜಿನ ಹುಡುಗಿಯರ ಕೋಚ್ ಅಣವೀರ ಕೂಗುತ್ತ ಬಂದಾಗ, ಮೇಜಿನ ಮುಂದೆ ಅಂಕ ಬರೆಯುತ್ತಿದ್ದ ಭಾಗ್ಯಜ್ಯೋತಿ ಪೆನ್ನು ಕೆಳಗಿಟ್ಟಳು. ಶಹಾಬಾದದ ಮೈದಾನದಲ್ಲಿ ಹುಡುಗಿಯರ ಕಬಡ್ಡಿ ಸೆಮಿಫೈನಲ್ ಆಗಷ್ಟೇ ಮುಗಿದಿತ್ತು. ದಾಳಿಗೆ ಹೋದವಳು ಎದುರಾಳಿಯ ಅಂಕಣದಲ್ಲಿ ಬಾಕ್ ಲೈನ್ ದಾಟಲೇಬೇಕು, ದಾಟದೆ ಮರಳಿದರೆ ಔಟು. ಕೊನೆಯ ದಾಳಿಯಲ್ಲಿ ಚಿತ್ತಾಪುರದ ಸುಶ್ಮಿತಾ ಪೂರ್ವದ ಗೆರೆ ದಾಟಲಿಲ್ಲವೆಂದು ರೆಫ್ರಿ ಸರಿತಾ ಔಟ್ ಕೊಟ್ಟಿದ್ದಳು. ಈಗ ಅಣವೀರ ಹೆಜ್ಜೆ ಹಾಕಿ ನೋಡಿದರೆ ಎರಡು ಕಡೆಯ ಗೆರೆಗಳಿಗೆ ತಾಳೆಯೇ ಇರಲಿಲ್ಲ.

ಸಂಜೆ ಹುಡುಗರ ಫೈನಲ್ ಇತ್ತು. ಅದಕ್ಕೆ ಸೀಟಿ ಊದಲು ಒಬ್ಬ ಹೆಣ್ಣುಮಗಳನ್ನು ನೇಮಿಸಿದ್ದು ಇದೇ ಮೊದಲು. ಆ ಹೆಣ್ಣುಮಗಳು ಸರಿತಾ.

"ನಾ ಮೊದಲೇ ಹೇಳಿದ್ನಲ್ಲ!" ಹಿರಿಯ ರೆಫ್ರಿ ಹಣಮಂತರಾಯರು ಕುರ್ಚಿಯಿಂದ ಎದ್ದರು. "ಇಷ್ಟು ವರ್ಷದಾಗ ನಾ ಹುಡುಗ್ಯಾರ ಮ್ಯಾಚಿಗೆ ಒಮ್ಮೆನೂ ಸೀಟಿ ಹಿಡದಿಲ್ಲ. ಅದು ಇವರ ಕೆಲಸ ಅಂತ ಬಿಟ್ಟಿದ್ದೆ. ಅದೂ ಇವರಿಂದ ಆಗಲಿಲ್ಲ. ಫೈನಲ್ ನಾನೇ ನೋಡ್ಕೋತೀನಿ, ಬಿಡ್ರಿ."

"ಮುಂಜಾನೆ ಎರಡೂ ಕಡಿ ನಾನೇ ನಿಂತು ಅಳತಿ ಮಾಡಿಸೀನ್ರಿ ಸರ್," ಅಂದಳು ಸರಿತಾ.

"ಕುಣೀಲಿಕ್ಕೆ ಬಾರದಾಕಿ ನೆಲ ಡೊಂಕು ಅಂದಳಂತ!" ಹಣಮಂತರಾಯರು ನಕ್ಕರು.

ಭಾಗ್ಯಜ್ಯೋತಿಗೆ ತಲೆ ಚಿಟ್ಟು ಹಿಡಿಯಿತು. ಹೋದ ವರ್ಷ ಸೇಡಂನಲ್ಲಿ, ಕೊರಳಲ್ಲಿ ಸೀಟಿ ಕಟ್ಟಿಕೊಂಡು ಬಂದಿದ್ದ ಸರಿತಾಳ ಕೈಗೆ ಪದಕದ ತಟ್ಟೆ ಕೊಟ್ಟು ನಿಲ್ಲಿಸಿದ್ದರು. ಅದಕ್ಕೂ ಹಿಂದೆ ವಾಡಿಯಲ್ಲಿ ಅತಿಥಿಗಳಿಗೆ ಚಹಾ ಹಂಚಿಸಿದ್ದರು. ಈಗ ಮೊಸರಿನಲ್ಲಿ ಕಲ್ಲು ಹುಡುಕುವ ಮಂದಿಗೆ ನಿಜವಾಗಿಯೇ ಕಲ್ಲು ಸಿಕ್ಕಿತ್ತು. ಅವಳು ಓಡಿಹೋಗಿ ಮಾಣಿಕಮ್ಮ ಮೇಡಂ ಅವರನ್ನು ಕರೆತಂದಳು.

ಮಾಣಿಕಮ್ಮ ನಿವೃತ್ತ ದೈಹಿಕ ಶಿಕ್ಷಕಿ, ಕ್ರೀಡಾಕೂಟದ ಮೇಲ್ಮನವಿ ಸಮಿತಿಯ ಮುಖ್ಯಸ್ಥೆ. ಚಿಂಚೋಳಿಯಲ್ಲಿ ಮಾಯವಾಗಿದ್ದ ಶಾಟ್‌ಪುಟ್ ಗುಂಡನ್ನು ಅಡುಗೆಯವನ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಪತ್ತೆ ಹಚ್ಚಿದವರು ಅವರೇ. ಸುತ್ತಲಿನ ಊರುಗಳಲ್ಲಿ ಆಟದ ತಕರಾರು ಎದ್ದರೆ ಪೊಲೀಸರಿಗಿಂತ ಮೊದಲು ಅವರ ಹೆಸರೇ ಬರುತ್ತಿತ್ತು.

ಬಂದವರೇ ಪಶ್ಚಿಮದ ಗೆರೆಗೆ ಬೆರಳು ತಾಗಿಸಿದರು. ಅಚ್ಚ ಬಿಳಿ ಸುಣ್ಣ. ಪೂರ್ವದ ಗೆರೆ ಮಾತ್ರ ಬೂದು ಬಣ್ಣಕ್ಕಿತ್ತು. ಅದರ ಪಕ್ಕದಲ್ಲಿ ಊಟ ತಂದಿದ್ದ ಟೆಂಪೊದ ಗಾಲಿಯ ಗುರುತು ಅರೆಬರೆ ಅಳಿಸಿತ್ತು.

"ಅಮೀರ್ ಅಲಿ, ಸುಣ್ಣದ ಚೀಲ ಎಲ್ಲದ?"

"ಕೋಣ್ಯಾಗದ ಮೇಡಂ. ಮುಂಜಾನೆ ಗೆರಿ ಹಾಕಿದ ಮ್ಯಾಲ ಕೀಲಿ ಹಾಕೀನಿ. ಚಾವಿ ನನ್ನ ಕಿಸೆದಾಗೇ ಅದ," ಅಂದ ಮೈದಾನ ನೋಡಿಕೊಳ್ಳುವ ಅಮೀರ್ ಅಲಿ.

"ಅಂದ್ರ ಇದು ಫರ್ಸಿ ಪುಡಿ." ಕಾಂಪೌಂಡಿನಾಚೆ ನೆಲಹಾಸಿನ ಫರ್ಸಿ ಕಲ್ಲಿಗೆ ಪಾಲಿಶ್ ಮಾಡುವ ಅಂಗಳದಿಂದ ಬಂದ ಆ ಪುಡಿ ಗೋಡೆಯ ಬುಡದಲ್ಲಿ ಗುಡ್ಡೆಬಿದ್ದಿತ್ತು.

"ಯಾರ ಪ್ಯಾಂಟಿಗೆ ಪುಡಿ ಹತ್ಯಾದ ನೋಡೋಣೇನ್ರಿ?" ಭಾಗ್ಯಜ್ಯೋತಿ ಪಿಸುಗುಟ್ಟಿದಳು.

"ಶಹಾಬಾದದಾಗ ಪುಡಿ ಹತ್ತಲಾರದ ಪ್ಯಾಂಟ್ ತೋರಿಸು, ಕಪ್ ನಿನಗೇ ಕೊಡ್ತೀನಿ. ಟೇಪ್ ಹಿಡಿ."

ಇಬ್ಬರೂ ನಡುಗೆರೆಯಿಂದ ಅಳೆದರು. ಪಶ್ಚಿಮದ ಗೆರೆ ಮೂರು ಮೀಟರಿಗೆ ಇತ್ತು. ಪೂರ್ವದ್ದು ಮೂರೂ ಮುಕ್ಕಾಲು. ಮಾಣಿಕಮ್ಮ ಆ ಅಳತೆಯನ್ನು ಯಾರಿಗೂ ಹೇಳಬೇಡವೆಂದು ಕಣ್ಸನ್ನೆ ಮಾಡಿ, ಎಲ್ಲರನ್ನೂ ಬೇವಿನ ಮರದಡಿ ಸೇರಿಸಿದರು.

"ಒಂದೇ ಪ್ರಶ್ನೆ ಅದ. ಎರಡರಾಗ ತಪ್ಪಾದ ಗೆರಿ ಯಾವುದು?"

"ಪೂರ್ವದ್ದು! ಭಾಳ ದೂರ ಆಗ್ಯಾದ," ಅಂದ ಅಣವೀರ.

"ಪೂರ್ವದ್ದೇ ಮೇಡಂ," ಅಂದ ಅಮೀರ್ ಅಲಿ.

"ಇಬ್ಬರಿಗೂ ಬುದ್ಧಿ ಇಲ್ಲ," ಹಣಮಂತರಾಯರು ಗದರಿದರು. "ಪೂರ್ವದ್ದು ಬರಾಬರ್ ಅದ. ಪಶ್ಚಿಮದ್ದೇ ಗಿಡ್ಡ. ಈ ಸರಿತಾ ಮೇಡಂ ಅಳತಿ ತಪ್ಪ್ಯಾರ."

"ಬರಾಬರ್ ಅದ ಅಂತ ಹೆಂಗ ಹೇಳ್ತೀರಿ ಸರ್?" ಮಾಣಿಕಮ್ಮ ಕೇಳಿದರು. "ಟೇಪ್ ನನ್ನ ಕೈಯಾಗೇ ಇತ್ತು."

ಹಣಮಂತರಾಯರು ಮುಖ ಆ ಕಡೆ ತಿರುಗಿಸಿದರು.

"ನಾನೇ ಹೇಳ್ತೀನಿ," ಅಂದರು ಮಾಣಿಕಮ್ಮ. "ಮಧ್ಯಾಹ್ನ ಊಟದ ಟೆಂಪೊ ಪೂರ್ವದ ಗೆರಿ ಅಳಿಸ್ತು. ಸುಣ್ಣಕ್ಕ ಕೀಲಿ ಬಿದ್ದಿತ್ತು, ಯಾರೋ ಫರ್ಸಿ ಪುಡಿಲಿಂದ ಹೊಸಾದು ಎಳದ್ರು. ಕೆಡಸೋ ಮನಸ್ಸಿದ್ದಾಂವ ಎಲ್ಲಿ ಬೇಕಾದ್ರೂ ಎಳೀತಿದ್ದ. ಇದು ಸರಿಯಾಗಿ ಮೂರೂ ಮುಕ್ಕಾಲು ಮೀಟರಿಗೆ ಅದ, ಗಂಡುಹುಡುಗೂರ ಅಳತಿ. ಹುಡುಗ್ಯಾರದು ಮೂರೇ. ಅಣವೀರ ದಿನಾ ಹುಡುಗ್ಯಾರಿಗೇ ಕಲಸ್ತಾನ. ಅಮೀರ್ ಅಲಿ ಮುಂಜಾನೆ ಸರಿತಾನ ಮುಂದೇ ಗೆರಿ ಹಾಕ್ಯಾನ. ಹುಡುಗ್ಯಾರ ಅಂಕಣ ಸಣ್ಣದು ಅಂತ ಗೊತ್ತಿಲ್ಲದಾಂವ ಇಲ್ಲಿ ಯಾರು? ಅವರ ಮ್ಯಾಚಿಗೆ ಒಮ್ಮೆನೂ ಸೀಟಿ ಹಿಡೀಲಾರದಾಂವ."

ಎಲ್ಲರೂ ಹಣಮಂತರಾಯರತ್ತ ತಿರುಗಿದರು.

"ನಾ... ಒಳ್ಳೇದಕ್ಕೇ ಮಾಡೀನಿ," ಅವರ ಮುಖ ಕೆಂಪೇರಿತು. "ಅಳಿಸಿದ್ದು ಕಂಡಿತು, ಎಳದೆ."

"ಸರಿತಾಗ ಯಾಕ ಹೇಳಲಿಲ್ಲ?"

"ಒಂದು ಗೆರಿ ಎಳೀಲಿಕ್ಕೆ ಆಕೀನ್ನ ಕೇಳಬೇಕೇನು?"

ಆ ಮಾತು ಬಾಯಿಂದ ಬಿದ್ದ ಮೇಲೆ ಅದರ ಅರ್ಥ ಅವರಿಗೇ ತಟ್ಟಿದಂತಿತ್ತು. ಮಾಣಿಕಮ್ಮ ಬಿಡಲಿಲ್ಲ. "ತಕರಾರು ಎದ್ದಾಗ ತಪ್ಪು ಆಕಿದೇ ಅಂತ ಖರೇನೇ ನಂಬಿದ್ರಿ. ಆದ್ರ ಅಂಕಣ ಮುಟ್ಟೀನಿ ಅಂತ ಬಾಯಿ ಬಿಡಲಿಲ್ಲ. ಫೈನಲ್ ತಾನಾಗೇ ನಿಮ್ಮ ಉಡಿಗಿ ಬೀಳಲಿಕತ್ತಿತ್ತು."

ನಾಳೆ ಮುಂಜಾನೆ ಸೆಮಿಫೈನಲ್ ಮತ್ತೆ ಆಡಿಸುವುದು, ಅದಕ್ಕೆ ಹಣಮಂತರಾಯರು ಲೈನ್ ಅಂಪೈರ್ ಆಗಿ ಕೂರುವುದು ಎಂದು ತೀರ್ಮಾನವಾಯಿತು. ಸುಶ್ಮಿತಾ ಕಣ್ಣೊರೆಸಿಕೊಂಡು ನಕ್ಕಳು. ಭಾಗ್ಯಜ್ಯೋತಿಗೆ ಖುಷಿಗಿಂತ ಸಿಟ್ಟೇ ಹೆಚ್ಚಿತ್ತು. ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುವ ಕೆಲಸವಲ್ಲವೇ ಇದು!

ಸಂಜೆಯ ಫೈನಲ್‌ಗೆ ಅಮೀರ್ ಅಲಿ ಹುಡುಗರ ಅಂಕಣ ಹಾಕಿದ. ಹಣಮಂತರಾಯರು ಮರದಡಿ ಒಬ್ಬರೇ ಕೂತಿದ್ದರು. ಸರಿತಾ ನೇರ ಅವರ ಹತ್ತಿರ ಹೋಗಿ ಟೇಪಿನ ಒಂದು ತುದಿ ಚಾಚಿದಳು.

"ಈ ತುದಿ ಹಿಡೀರಿ ಸರ್. ಹುಡುಗೂರ ಅಳತಿ ನಿಮಗ ಬಾಯಿಪಾಠ ಅದ, ನನಗೂ ಅದ. ಆದ್ರೂ ಅಳೀಲಾರದ ನಾ ಸೀಟಿ ಊದಂಗಿಲ್ಲ."

ಹಣಮಂತರಾಯರು ಎದ್ದು ಬಂದು, ನಡುಗೆರೆಯ ಮೇಲೆ ಮೊಣಕಾಲೂರಿ ಟೇಪು ಹಿಡಿದರು.