ಹೊರಡುವ ಮುಂಚೆ ಒಂದು ಗಳಿಗೆ

"ಟಿಮೆಕ್, ಕಾಲು ಆಡಿಸ್ಬೇಡ," ಎಂದಳು ಅಮ್ಮ, ಮುಚ್ಚಿದ ಕಣ್ಣು ತೆರೆಯದೆ.

"ನೋಡದೇನೇ ಹೇಗೆ ಗೊತ್ತಾಯ್ತು?"

"ನೀನು ಕೂತಿರೋ ಸೂಟ್‌ಕೇಸು ಸದ್ದು ಮಾಡ್ತಿದೆ. ಸುಮ್ನಿರು. ಎಲ್ಲರೂ ಮೊದಲಿಂದ ಕೂರ್ಬೇಕು ಈಗ."

ಐದು ಜನರೂ ಮತ್ತೆ ಸುಮ್ಮನಾದರು. ಬಾಡಿಗೆ ಕೋಣೆಯಲ್ಲಿದ್ದ ಒಂದೇ ಕುರ್ಚಿ ಅಜ್ಜಿಗೆ. ಅಪ್ಪ, ಅಮ್ಮ ಮಂಚದ ಅಂಚಿನಲ್ಲಿ. ಟಿಮೆಕ್ ಮತ್ತು ಅವನ ಅಕ್ಕ ಕಾಲಿನಾ ಸೂಟ್‌ಕೇಸುಗಳ ಮೇಲೆ. ಕೆಳಗೆ ಗ್ರಾಟ್ಸ್ ನಗರದ ಟ್ರಾಮ್ ಒಂದು ತಿರುವಿನಲ್ಲಿ ಕಿರ್ರೆಂದು ಹೋಯಿತು.

ಊರು ಬಿಡುವ ಮುಂಚೆ ಮನೆಯವರೆಲ್ಲ ಹೀಗೆ ಒಂದು ಗಳಿಗೆ ಮಾತಿಲ್ಲದೆ ಕೂರಬೇಕು. ಕೂರದೆ ಹೊರಟರೆ ದಾರಿ ಕೈಕೊಡುತ್ತದೆ. ಏನಾದರೂ ಮರೆತು ವಾಪಸ್ ಬಂದವರು ಇನ್ನೊಮ್ಮೆ ಕೂತು, ಹತ್ತರವರೆಗೆ ಎಣಿಸಿಯೇ ಏಳಬೇಕು. ಅಜ್ಜಿಗೆ ಇದನ್ನು ಅವಳ ಅಜ್ಜಿ ಕಲಿಸಿದ್ದು. ಕ್ರಾಕೋವ್‌ನಲ್ಲಿ ಅವರ ಓಣಿಯ ಮನೆಮನೆಯಲ್ಲೂ ಇದೇ ಪದ್ಧತಿ.

"ಆಯ್ತು, ಏಳಿ. ಟ್ರೈನಿಗೆ ಹೊತ್ತಾಯ್ತು," ಎಂದ ಅಪ್ಪ.

ಅಪ್ಪ ಎರಡು ಸೂಟ್‌ಕೇಸು ಹಿಡಿದು ಮುಂದೆ ನಡೆದ. ಅಮ್ಮ ಟಿಮೆಕ್‌ನನ್ನು ತಳ್ಳಿಕೊಂಡು ಇಳಿದಳು. ಕಾಲಿನಾ ಅಜ್ಜಿಯ ಕೈ ಹಿಡಿದು ಕೊನೆಗೆ ಬಂದಳು. ಬೀದಿ ಬಾಗಿಲ ಹತ್ತಿರ ಅಜ್ಜಿ ತಟ್ಟನೆ ನಿಂತುಬಿಟ್ಟಳು.

"ಕೂರದೇ ಹೊರಟುಬಿಟ್ವಲ್ಲ ಮರಿ," ಎಂದಳು ಮೆಲ್ಲಗೆ.

ಕಾಲಿನಾ ಅಮ್ಮನ ಬೆನ್ನು ನೋಡಿದಳು. ಅಮ್ಮನಿಗೆ ಕೇಳಿಸಿರಲಿಲ್ಲ.

"ಅಮ್ಮಾ, ನನ್ನ ಟೋಪಿ ಮೇಲೇ ಉಳೀತು. ಅಜ್ಜಿ ಜೊತೆ ಹೋಗಿ ತರ್ತೀನಿ."

"ಮತ್ತೆ?" ಅಮ್ಮ ತಿರುಗಿದಳು. "ಬರ್ನೋದಲ್ಲಿ ಹಲ್ಲುಜ್ಜೋ ಬ್ರಶ್ಶು, ವಿಯೆನ್ನಾದಲ್ಲಿ ಛತ್ರಿ, ಈಗ ಟೋಪಿ. ನಿನ್ನ ತಲೆ ಎಲ್ಲಿರುತ್ತೆ ಕಾಲಿನಾ? ನೀನು ಹೀಗಿರ್ಲಿಲ್ಲ."

"ತೂತು ತಲೆ," ಎಂದ ಟಿಮೆಕ್ ಖುಷಿಯಿಂದ. "ತೂತು ತಲೇಗೆ ಟೋಪಿ ಯಾಕೆ?"

ಕಾಲಿನಾ ಅಪ್ಪನಿಂದ ಕೀಲಿ ಇಸಿದುಕೊಂಡು ಅಜ್ಜಿಯನ್ನು ಮೇಲೆ ಕರೆದುಕೊಂಡು ಹೋದಳು. ಟೋಪಿ ಅವಳ ಅಂಗಿಯ ಜೇಬಿನಲ್ಲೇ ಇತ್ತು. ಇಬ್ಬರೂ ಖಾಲಿ ಕೋಣೆಯಲ್ಲಿ ಕೂತು ಹತ್ತರವರೆಗೆ ಎಣಿಸಿದರು. ಅಜ್ಜಿಯ ಮುಖ ತಿಳಿಯಾಯಿತು.

"ಈಗ ಸರಿ ಹೋಯ್ತು," ಎಂದಳು.

ಅಜ್ಜಿಯ ಈ ಮರೆವು ಶುರುವಾದದ್ದು ಈಸ್ಟರ್ ಹಬ್ಬದ ಹಿಂದಿನ ದಿನ. ಚರ್ಚಿನಲ್ಲಿ ಆಶೀರ್ವಾದ ಮಾಡಿಸಿದ ಮೊಟ್ಟೆಯ ಬುಟ್ಟಿ ಹಿಡಿದು ಅಜ್ಜಿ ಮನೆಗೆ ಬರಬೇಕಿತ್ತು. ಬರಲಿಲ್ಲ. ಕಾಲಿನಾ ಹುಡುಕಿಕೊಂಡು ಹೋದಾಗ, ಅಜ್ಜಿ ತಾನು ನಲವತ್ತು ವರ್ಷ ನಡೆದಾಡಿದ ಬೀದಿಯ ಟ್ರಾಮ್ ಸ್ಟಾಪಿನಲ್ಲಿ ನಿಂತು, ಯಾವ ಕಡೆಗೆ ಹೋಗಬೇಕೆಂದು ತಿಳಿಯದೆ ಬುಟ್ಟಿಯನ್ನು ಎದೆಗೆ ಒತ್ತಿಕೊಂಡಿದ್ದಳು.

"ನಿಮ್ಮಮ್ಮಂಗೆ ಹೇಳ್ಬೇಡ ಮರಿ," ಎಂದಿದ್ದಳು ಆಗ. "ಡಾಕ್ಟರು, ಪರೀಕ್ಷೆ ಅಂತ ಶುರು ಮಾಡ್ತಾಳೆ. ಆಮೇಲೆ ನನ್ನನ್ನ ಮನೆಯಿಂದ ಆಚೆ ಬಿಡಲ್ಲ. ಬೇಸಿಗೇಲಿ ಎಲ್ಲರೂ ಟ್ರೈನಲ್ಲಿ ಹೋಗ್ತಿದ್ದೀವಲ್ಲ, ತ್ರಿಯೆಸ್ತೆಯ ಸಮುದ್ರ ಒಂದ್ಸಲ ನೋಡಿಬಿಡ್ತೀನಿ. ಆಮೇಲೆ ನೀನೇ ಹೇಳು."

ತ್ರಿಯೆಸ್ತೆಗೆ ತಾತ ಹಿಂದೆ ಕೆಲಸದ ಮೇಲೆ ಹೋಗಿ ಬಂದಿದ್ದ. ಆ ಕಾಲದಲ್ಲಿ ಕಮ್ಯುನಿಸ್ಟ್ ಸರ್ಕಾರ ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಪಾಸ್‌ಪೋರ್ಟ್ ಕೊಡುತ್ತಿರಲಿಲ್ಲ. ಹೊರದೇಶದಲ್ಲೇ ಉಳಿದುಬಿಟ್ಟರೆ ಎಂದು ಒಬ್ಬರನ್ನು ಊರಲ್ಲೇ ಇಟ್ಟುಕೊಳ್ಳುತ್ತಿದ್ದರು. ತಾತ ಬಂದು, "ನಮ್ಮ ಸಮುದ್ರದಲ್ಲಿ ಜುಲೈನಲ್ಲೂ ಕಾಲು ನೀಲಿಯಾಗುತ್ತೆ, ಅಲ್ಲಿ ನೀರು ಸೂಪಿನ ಹಾಗೆ ಬೆಚ್ಚಗಿದೆ" ಎಂದಿದ್ದನಂತೆ. ಮುಂದಿನ ಸಲ ಇಬ್ಬರೂ ಹೋಗೋಣ ಎಂದಿದ್ದನಂತೆ. ಆ ಮುಂದಿನ ಸಲ ಬರಲೇ ಇಲ್ಲ.

ಕಾಲಿನಾ ಮಾತು ಕೊಟ್ಟಿದ್ದಳು. ಅದಕ್ಕೇ ಪ್ರತಿ ಊರಲ್ಲೂ ತಾನೇ ಏನಾದರೊಂದು ಮರೆಯುತ್ತಿದ್ದಳು.

ಗ್ರಾಟ್ಸ್‌ನಿಂದ ಹೊರಟ ಟ್ರೈನು ದಾರಿಯಲ್ಲಿ ಎಲ್ಲೋ ಸುಮ್ಮನೆ ನಿಂತು, ಗಡಿ ದಾಟುವಷ್ಟರಲ್ಲಿ ತಡವಾಗಿತ್ತು. ಮಾರಿಬೋರ್‌ನಲ್ಲಿ ಇಳಿದು ಇನ್ನೊಂದು ಟ್ರೈನು ಹಿಡಿಯಬೇಕು. ಅದು ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಆಗಲೇ ಬಾಗಿಲು ತೆರೆದುಕೊಂಡು ನಿಂತಿತ್ತು.

"ಓಡಿ, ಓಡಿ," ಎಂದ ಅಪ್ಪ. "ಟಿಮೆಕ್, ನನ್ನ ಬೆಲ್ಟ್ ಹಿಡ್ಕೋ. ಅತ್ತೆ, ನೀವು ನಿಧಾನಕ್ಕೆ ಬನ್ನಿ, ಎಡವಬೇಡಿ."

"ಕಾಲಿನಾ, ಅಜ್ಜಿ ಕೈ ಬಿಡ್ಬೇಡ," ಎಂದಳು ಅಮ್ಮ.

ಅಪ್ಪ, ಟಿಮೆಕ್ ಹತ್ತಿ ಒಳಗೆ ಹೋದರು. ಅಮ್ಮ ಹತ್ತಿ ಬಾಗಿಲಲ್ಲಿ ನಿಂತು ಕೈಚಾಚಿದಳು. ಊಟದ ಚೀಲ ಭಾರವಾಗಿತ್ತು. ಅದನ್ನು ಮೇಲೆತ್ತಿ ಕೊಡಲು ಕಾಲಿನಾ ಎರಡೂ ಕೈ ಹಚ್ಚಿದಳು. ತಿರುಗಿ ನೋಡಿದರೆ ಪಕ್ಕದಲ್ಲಿ ಅಜ್ಜಿ ಇರಲಿಲ್ಲ.

ಕಂಬದ ಹಿಂದಿನ ಬೆಂಚಿನ ಮೇಲೆ ಇದ್ದಳು. ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ, ಕಣ್ಣು ಮುಚ್ಚಿ. ಪ್ರಯಾಣ ಹೊರಡುವ ಮುಂಚೆ ಕೂರುವ ಹಾಗೆ ಕೂತಿದ್ದಳು.

ಕಾಲಿನಾ ಓಡಿಹೋಗಿ ಕೈ ಎಳೆದಳು. "ಅಜ್ಜಿ, ಏಳು. ಬೆಳಿಗ್ಗೇನೇ ಕೂತಿದ್ವಲ್ಲ. ಎರಡು ಸಲ ಕೂತ್ವಿ."

"ಸುಳ್ಳು ಹೇಳ್ಬೇಡ. ಕೂರದೇ ಹೊರಟ್ರೆ ದಾರಿ ಒಳ್ಳೇದಾಗಲ್ಲ."

"ಅಜ್ಜಿ, ಟ್ರೈನು ಹೋಗುತ್ತೆ."

"ಷ್. ಎಣಿಸ್ತಿದ್ದೀನಿ."

"ಕಾಲಿನಾ," ಅಮ್ಮನ ಕೂಗು ಬಂತು. ಬಾಗಿಲಿನಿಂದ ಅವಳಿಗೆ ಕಾಲಿನಾ ಕಾಣುತ್ತಿದ್ದಳು, ಕಂಬದ ಹಿಂದಿದ್ದ ಅಜ್ಜಿ ಕಾಣುತ್ತಿರಲಿಲ್ಲ. "ಅಲ್ಲೇನು ಮಾಡ್ತಿದ್ದೀಯ?"

ಹೇಳಬೇಕಾದ್ದು ಒಂದೇ ಮಾತು. ಅಜ್ಜಿಗೆ ಮರೆತುಹೋಗಿದೆ, ಕೆಳಗೆ ಬಾ. ಆದರೆ ಬಾಯಿಂದ ಹೊರಬಿದ್ದದ್ದು ಬೇರೆಯೇ.

"ನನ್ನ ನೀರಿನ ಬಾಟ್ಲಿ ಎಲ್ಲೋ ಹೋಯ್ತು."

"ಹಾಳಾಗ್ಲಿ ಬಾಟ್ಲಿ. ಅಜ್ಜಿನ ಕರ್ಕೊಂಡು ಬೇಗ ಹತ್ತು."

ಸೀಟಿ ಕೇಳಿಸಿತು. ಬಾಗಿಲುಗಳು ತಾವೇ ಸರಿದು ಮುಚ್ಚಿಕೊಂಡವು. ಗಾಜಿನ ಹಿಂದೆ ಅಮ್ಮನ ಎರಡು ಅಂಗೈ ಕಂಡವು, ಆಮೇಲೆ ತೆರೆದ ಬಾಯಿ. ಟ್ರೈನು ಜಾರಿತು. ಅದರ ಕೊನೆಯ ಡಬ್ಬಿ ದಾಟಿದ ಮೇಲೆ ಹಳಿಗಳಾಚೆಯ ಗೋಡೆಯೊಂದೇ ಉಳಿಯಿತು.

ಕಾಲಿನಾಳ ಫೋನು ಊಟದ ಚೀಲದಲ್ಲಿ ಹೋಗಿತ್ತು.

ಅಜ್ಜಿ ಕಣ್ಣು ತೆರೆದಳು. "ಹಾಂ, ಈಗ ಹೊರಡೋಣ. ದೊರೊತಾ ಎಲ್ಲಿ?"

"ಅಮ್ಮ ಟ್ರೈನಲ್ಲಿ ಹೋದ್ಳು ಅಜ್ಜಿ. ಎಲ್ಲರೂ ಹೋದ್ರು."

ಅಜ್ಜಿ ಖಾಲಿ ಹಳಿಯನ್ನು ನೋಡಿದಳು. ಗೊತ್ತಿಲ್ಲದ ಭಾಷೆಯ ಬೋರ್ಡುಗಳನ್ನು ನೋಡಿದಳು. ಅವಳ ತುಟಿ ಅಲುಗಿತು. "ನನ್ನಿಂದಾನಾ?"

"ಇಲ್ಲ. ನಾನು ಬಾಟ್ಲಿ ಕಳ್ಕೊಂಡೆ, ಅದಕ್ಕೇ."

"ಬಾಟ್ಲಿ ನಿನ್ನ ಹೆಗಲ ಮೇಲಿದೆ ಮರಿ."

ಕಾಲಿನಾ ಹೆಗಲು ಮುಟ್ಟಿಕೊಂಡಳು. ಬಾಟ್ಲಿ ಪಟ್ಟಿಯಲ್ಲಿ ನೇತಾಡುತ್ತಿತ್ತು. ಅವಳಿಗೆ ತಲೆಯೆತ್ತಲು ಆಗಲಿಲ್ಲ.

"ಬಾ ಇಲ್ಲಿ," ಎಂದು ಅಜ್ಜಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. "ಆ ಬ್ರಶ್ಶು? ಛತ್ರಿ?"

ಕಾಲಿನಾ ಬಾಟ್ಲಿಯ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಎಲ್ಲಾ ನನಗೋಸ್ಕರ ಮರೀತಿದ್ದೆಯಾ ನೀನು? ನಿನ್ನ ತಮ್ಮನ ಕೈಲಿ ತೂತು ತಲೆ ಅನ್ನಿಸ್ಕೊಂಡು?"

"ಅವನು ಯಾವಾಗ್ಲೂ ಹಾಗೇ ಅಂತಾನೆ."

ಅಜ್ಜಿ ತನ್ನ ಕರವಸ್ತ್ರ ತೆಗೆದು ಕಾಲಿನಾಳ ಮೂಗು ಒರೆಸಿದಳು, ಚಿಕ್ಕಂದಿನಲ್ಲಿ ಒರೆಸುತ್ತಿದ್ದ ಹಾಗೆ ಸ್ವಲ್ಪ ಒರಟಾಗಿ.

ಸ್ಟೇಷನ್ನಿನ ಸಮವಸ್ತ್ರ ತೊಟ್ಟ ಹೆಂಗಸೊಬ್ಬಳು ಅವರನ್ನೇ ಹುಡುಕುತ್ತಾ ಬಂದಳು. ಅವಳು ಮಾತಾಡಿದ್ದು ಸ್ಲೊವೇನಿಯಾದ ಭಾಷೆ. ಆದರೆ ಅದರಲ್ಲಿ ಅರ್ಧದಷ್ಟು ತಮ್ಮ ಪೋಲಿಷ್ ಮಾತಿನ ನೆಂಟನ ಹಾಗಿತ್ತು. "ಅಮ್ಮ" ಎಂಬುದು ತಿಳಿಯಿತು, "ಕಾಯಿರಿ" ಎಂಬುದು ತಿಳಿಯಿತು. ಟ್ರೈನಿನಿಂದ ಫೋನು ಬಂದಿದೆ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಬರುತ್ತಾರೆ ಎಂದು ಅವಳು ಕೈಸನ್ನೆಯಲ್ಲಿ ಹೇಳಿ ಮುಗಿಸಿದಳು.

ಅಮ್ಮ ಒಬ್ಬಳೇ ಬಂದಳು. ಅಪ್ಪ, ಟಿಮೆಕ್ ಸಾಮಾನಿನ ಜೊತೆ ಮುಂದಿನ ಸ್ಟೇಷನ್ ಪ್ರಾಗೆರ್ಸ್ಕೊದಲ್ಲೇ ಉಳಿದಿದ್ದರು. ಅಮ್ಮ ಬೆಂಚಿನವರೆಗೆ ಓಡುತ್ತಲೇ ಬಂದು, ಮೊದಲು ಅಜ್ಜಿಯ ಭುಜ ಮುಟ್ಟಿದಳು, ಆಮೇಲೆ ಕಾಲಿನಾಳ ಕೆನ್ನೆ. ಇಬ್ಬರೂ ಸರಿಯಾಗಿದ್ದಾರೆಂದು ಗೊತ್ತಾದ ಮೇಲೆ ಅವಳಿಗೆ ಸಿಟ್ಟು ಬಂತು.

"ಒಂದು ಬಾಟ್ಲಿಗೆ, ಕಾಲಿನಾ. ಒಂದು ಪ್ಲಾಸ್ಟಿಕ್ ಬಾಟ್ಲಿಗೆ. ಅಜ್ಜಿಗೆ ಏನಾದ್ರೂ ಆಗಿದ್ರೆ?"

"ಅವಳು ಏನೂ ಮರೆತಿಲ್ಲ ದೊರೊತಾ," ಎಂದಳು ಅಜ್ಜಿ. "ಮರೀತಿರೋದು ನಾನು."

ಅಮ್ಮನ ಕೈ ನಿಂತಲ್ಲೇ ನಿಂತಿತು.

ಅಜ್ಜಿಯೇ ಹೇಳಿದಳು. ನಡುವೆ ಎಲ್ಲೋ ಎಳೆ ತಪ್ಪಿದಾಗ ಕಾಲಿನಾ ಜೋಡಿಸಿಕೊಟ್ಟಳು: ಈಸ್ಟರಿನ ಬುಟ್ಟಿ, ಟ್ರಾಮ್ ಸ್ಟಾಪು, ಊರೂರಲ್ಲಿ ಎರಡೆರಡು ಸಲ ಕೂತದ್ದು. ಅಮ್ಮ ಬೆಂಚಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದಳು.

"ನನಗ್ಯಾಕೆ ಹೇಳ್ಲಿಲ್ಲ?" ಎಂದಳು ಕೊನೆಗೆ. ಅವಳು ಯಾರನ್ನು ಕೇಳಿದಳೋ ಗೊತ್ತಾಗಲಿಲ್ಲ.

"ಮಾತು ಕೊಟ್ಟಿದ್ದೆ," ಎಂದಳು ಕಾಲಿನಾ. "ನೀನು ಅಜ್ಜಿನ ಸಮುದ್ರಕ್ಕೆ ಕರ್ಕೊಂಡು ಹೋಗದೆ ಮನೆಗೆ ವಾಪಸ್ ಹೋಗೋಣ ಅಂತೀಯ ಅಂತ. ಆದ್ರೆ ಬಾಗಿಲು ಮುಚ್ಚುವಾಗ ಹೇಳ್ಬೇಕಿತ್ತು. ಹೇಳಿದ್ರೆ ನೀನು ಇಳೀತಿದ್ದೆ."

"ಇಳೀತಿದ್ದೆ."

"ಮಗೂನ ಬೈಬೇಡ," ಎಂದಳು ಅಜ್ಜಿ. "ಅಷ್ಟು ಭಾರ ಅವಳ ಮೇಲೆ ಹೊರಿಸಿದ್ದು ನಾನು. ಸಮುದ್ರದ ಆಸೇಲಿ ಅದು ನನಗೆ ಕಾಣಿಸ್ಲೇ ಇಲ್ಲ."

ಅಮ್ಮ ತಲೆ ತಗ್ಗಿಸಿದಳು. "ನೀನು ಎರಡೆರಡು ಸಲ ಉಪ್ಪು ಹಾಕೋದನ್ನ ನಾನೂ ನೋಡಿದ್ದೆ ಅಮ್ಮ. ವಯಸ್ಸು, ಅಷ್ಟೇ ಅಂದ್ಕೊಂಡೆ. ಅಂದ್ಕೋಬೇಕು ಅನ್ನಿಸ್ತು."

ಅವಳು ಎದ್ದು, ಟ್ರೈನುಗಳ ಹೊತ್ತು ತೋರಿಸುವ ಬೋರ್ಡಿನ ಹತ್ತಿರ ಹೋದಳು. ಒಂದು ಸಾಲು ಉತ್ತರಕ್ಕೆ, ಬಂದ ದಾರಿಗೆ. ಒಂದು ಸಾಲು ದಕ್ಷಿಣಕ್ಕೆ. ಕಾಲಿನಾ ಅವಳ ಬೆನ್ನನ್ನೇ ನೋಡುತ್ತಿದ್ದಳು. ಅಮ್ಮ ಕೈಯಿಂದ ಕಣ್ಣೊರೆಸಿಕೊಂಡಳೋ, ಕೂದಲು ಸರಿಸಿಕೊಂಡಳೋ ತಿಳಿಯಲಿಲ್ಲ.

"ಮನೆಗಾ ಅಮ್ಮ?" ಎಂದಳು ಕಾಲಿನಾ, ಅವಳು ಹತ್ತಿರ ಬಂದಾಗ.

"ಪ್ರಾಗೆರ್ಸ್ಕೊಗೆ. ಅಪ್ಪ, ಟಿಮೆಕ್ ಕಾಯ್ತಿದ್ದಾರೆ. ಅಲ್ಲಿಂದ ಲ್ಯುಬ್ಲಿಯಾನಾ. ನಾಳೆ ಸಮುದ್ರ." ಅಮ್ಮ ಅಜ್ಜಿಯ ಕಡೆ ತಿರುಗಿದಳು. "ವಾಪಸ್ ಹೋದ ತಕ್ಷಣ ಡಾಕ್ಟರು. ಏನೂ ನೆಪ ಹೇಳ್ಬಾರ್ದು."

"ಸರಿ," ಎಂದಳು ಅಜ್ಜಿ, ಶಾಲೆಯ ಹುಡುಗಿಯ ಹಾಗೆ.

ಪ್ರಾಗೆರ್ಸ್ಕೊದಲ್ಲಿ ಅಪ್ಪನನ್ನು ಅಮ್ಮ ಸ್ವಲ್ಪ ದೂರ ಕರೆದುಕೊಂಡು ಹೋಗಿ ಹೇಳಿದಳು. ಟಿಮೆಕ್‌ಗೆ ಎಲ್ಲರ ಮುಂದೆಯೇ, ಅಜ್ಜಿಯ ಎದುರಿನಲ್ಲೇ ಹೇಳಿದಳು. ಅವನು ಅಜ್ಜಿಯನ್ನು ಒಂದು ಸಲ, ಅಕ್ಕನನ್ನು ಒಂದು ಸಲ ನೋಡಿ, "ಹಾಗಾದ್ರೆ ಅಕ್ಕನ ತಲೇಲಿ ತೂತಿಲ್ವಾ?" ಎಂದ. ಯಾರೂ ನಗಲಿಲ್ಲ. ಅಜ್ಜಿ ಒಬ್ಬಳೇ ನಕ್ಕಳು.

ಲ್ಯುಬ್ಲಿಯಾನಾದ ಟ್ರೈನಿನಲ್ಲಿ ಕಾಲಿನಾ ಎಂದಿನಂತೆ ಅಜ್ಜಿಯ ಪಕ್ಕ ಕೂರಲು ಹೋದಳು. ಅಮ್ಮ ಆಗಲೇ ಅಲ್ಲಿ ಕೂತಿದ್ದಳು. ಕಾಲಿನಾ ಎದುರು ಸೀಟಿನಲ್ಲಿ ಕೂತಳು. ಅಮ್ಮ ಬೇಯಿಸಿದ ಮೊಟ್ಟೆ ಸುಲಿದು ಎಲ್ಲರಿಗೂ ಕೊಟ್ಟಳು. ಬೋಗಿ ತುಂಬ ಮೊಟ್ಟೆಯ ವಾಸನೆ ಹರಡಿತು. ಪಕ್ಕದ ಸೀಟಿನವರು ಕಿಟಕಿ ತೆರೆದರು.

"ನಾವೀಗ ಎಲ್ಲಿಗೆ ಹೋಗ್ತಿರೋದು?" ಎಂದಳು ಅಜ್ಜಿ.

ಕಾಲಿನಾಳ ಬೆನ್ನು ತಾನೇ ನೆಟ್ಟಗಾಯಿತು. ಯಾರಿಗಾದರೂ ಕೇಳಿಸಿತೇ ಎಂದು ಸುತ್ತ ನೋಡಿದಳು. ಎಲ್ಲರಿಗೂ ಕೇಳಿಸಿತ್ತು.

"ಸಮುದ್ರಕ್ಕಮ್ಮ," ಎಂದಳು ಅಮ್ಮ, ಸಿಪ್ಪೆಯನ್ನು ಕಾಗದದಲ್ಲಿ ಮಡಿಸುತ್ತಾ.

ಸುರಂಗವೊಂದು ಬಂದು ಹೋಯಿತು. ಅಜ್ಜಿ ಮತ್ತೆ ಕೇಳಿದಳು.

"ಸಮುದ್ರಕ್ಕೆ ಅತ್ತೆ. ನಾಳೆ ಮಧ್ಯಾಹ್ನದ ಹೊತ್ತಿಗೆ," ಎಂದ ಅಪ್ಪ, ಹೊಸದಾಗಿ ಕೇಳಿದ ಪ್ರಶ್ನೆಗೆ ಹೇಳುವಂತೆ.

ಮೂರನೆಯ ಸಲ ಟಿಮೆಕ್ ಬಾಯಲ್ಲಿ ಮೊಟ್ಟೆ ತುಂಬಿಕೊಂಡೇ ಕೈಯೆತ್ತಿದ. ನುಂಗಿ, ಹೇಳಿ, ಅಕ್ಕನ ಕಡೆ ಬೆರಳು ತೋರಿಸಿದ. ಮುಂದಿನದು ನಿನ್ನದು.

ಕಾಲಿನಾ ತಲೆಯಾಡಿಸಿ ಸೀಟಿಗೆ ಒರಗಿದಳು. ಹೊರಗೆ ನದಿಯೊಂದು ಹಳಿಯ ಜೊತೆಜೊತೆಗೇ ಹರಿಯುತ್ತಿತ್ತು. ಅದು ಎಷ್ಟು ಹೊತ್ತಿನಿಂದ ಜೊತೆಯಲ್ಲಿತ್ತೋ ಅವಳಿಗೆ ಗೊತ್ತಿರಲಿಲ್ಲ. ಅಜ್ಜಿ ಕೇಳುವವರೆಗೆ ಅವಳು ಅದನ್ನೇ ನೋಡುತ್ತಾ ಕೂತಳು.